ಬೈಸಿಕೊಳ್ಳುವುದೂ ಪ್ಯಾಕೇಜಿನಲ್ಲೇ ಸೇರಿತ್ತು

ಮೊನ್ನೆ ಭಾನುವಾರ ಮಗಳು ಮೊಬೈಲನ್ನು ನನ್ನ ಕೈಗಿಟ್ಟು, "ಅಪ್ಪಾ, ಎಲ್ಲಾ ತುಂಬಿದ್ದೀನಿ. ಇದೊಂದು ನೋಡು, ಏನಾದ್ರೂ ಬರೀಬೇಕಾ?" ಅಂದಳು. ಅವಳ ಮದುವೆಯ ಲಗ್ನಪತ್ರಿಕೆ ಅಚ್ಚಾಗಿ ಬಂದಿದೆ. ಮೊದಲ ಪತ್ರಿಕೆಯನ್ನು ಮನೆದೇವರ ಮುಂದೆ ಇಟ್ಟು ಬಂದ ಮೇಲೆಯೇ ಊರಿಗೆ ಹಂಚುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ನಮ್ಮ ಮನೆದೇವರು ನರಸಿಂಹಸ್ವಾಮಿ, ಹಿಂದೂಪುರದ ಆಚೆ ಒಂದು ಗುಡ್ಡದ ಮೇಲಿದ್ದಾನೆ. ಅಲ್ಲಿಗೆ ಹೋಗಿ ಬರಲು ಒಂದು ಟೆಂಪೋ ಟ್ರಾವೆಲರ್ ಬೇಕು. ಮಗಳು ಅದನ್ನು ಸೋಫಾದ ಮೇಲೆ ಕಾಲು ಚಾಚಿಕೊಂಡೇ ಗೊತ್ತು ಮಾಡುತ್ತಿದ್ದಳು. ಕೊನೆಯಲ್ಲಿ ಒಂದು ಪುಟ್ಟ ಖಾಲಿ ಚೌಕ ಉಳಿದಿತ್ತು. 'ವಿಶೇಷ ಸೂಚನೆಗಳೇನಾದರೂ ಇದ್ದಲ್ಲಿ ಇಲ್ಲಿ ತಿಳಿಸಿ' ಎಂದು ಅದರ ಮೇಲೆ ಬರೆದಿತ್ತು.

ನಾನು ದಾಬಸ್‌ಪೇಟೆಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ವರ್ಷಗಟ್ಟಲೆ ಇಂಥ ಚೌಕಗಳನ್ನು ತುಂಬಿಕೊಂಡೇ ಬಂದವನು. ನಟ್ಟು, ಬೋಲ್ಟು, ವಾಷರು, ಯಾವುದು ಎಲ್ಲಿಗೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಆದರೆ ಈ ಚೌಕದ ಮುಂದೆ ನನ್ನ ಕೈ ಓಡಲಿಲ್ಲ. ಏನೆಂದು ಬರೆಯಲಿ, ನೀವೇ ಹೇಳಿ. ನಮ್ಮ ಚಿಕ್ಕಮ್ಮನಿಗೆ ಗೌರಿಬಿದನೂರು ದಾಟುತ್ತಿದ್ದ ಹಾಗೆ ವಾಂತಿ ಬರುತ್ತದೆ, ಆದರೆ ಕೇಳಿದರೆ ಇಲ್ಲವೇ ಇಲ್ಲ ಎನ್ನುತ್ತಾಳೆ, ಎಂದು ಬರೆಯಲೇ? ನನ್ನ ಭಾಮೈದನಿಗೂ ಷಡ್ಡಕನಿಗೂ ಮಾತುಕತೆಯಿಲ್ಲ, ದಯವಿಟ್ಟು ಅಕ್ಕಪಕ್ಕ ಕೂರಿಸಬೇಡಿ, ಎನ್ನಲೇ? "ಏನೂ ಬೇಡ ಬಿಡಮ್ಮ" ಅಂದೆ. ಅವಳು ಒತ್ತಿದಳು, ಗಾಡಿ ಗೊತ್ತಾಗಿಯೇ ಹೋಯಿತು. ಒಬ್ಬ ನರಮನುಷ್ಯನ ಮುಖವನ್ನೂ ನೋಡದೆ ಇಷ್ಟು ದೊಡ್ಡ ಕೆಲಸ ಮುಗಿಯಿತಲ್ಲ ಅಂದುಕೊಂಡಾಗ ನನಗೆ ಮುನಿರಾಜಣ್ಣ ನೆನಪಾದ.

ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಹಿಂದೆ, ಬೇಕರಿಗೂ ಜೆರಾಕ್ಸ್ ಅಂಗಡಿಗೂ ಮಧ್ಯೆ ಒತ್ತರಿಸಿಕೊಂಡಿದ್ದ ಒಂದು ಮಳಿಗೆ ಅವನ ಟ್ರಾವೆಲ್ಸು. ಬೋರ್ಡಿನ ಮೇಲೆ ದೊಡ್ಡದೊಂದು ವಿಮಾನದ ಚಿತ್ರ ಬರೆಸಿದ್ದ. ಒಳಗೆ ವಿಮಾನದ ಟಿಕೆಟ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತಿತ್ತು. ತಿರುಪತಿ, ಧರ್ಮಸ್ಥಳ, ಕಾಶಿ, ಮದುವೆ ದಿಬ್ಬಣ, ಎಲ್ಲಕ್ಕಿಂತ ಹೆಚ್ಚಾಗಿ ಸುತ್ತಮುತ್ತಲ ಹಳ್ಳಿಯವರ ಮನೆದೇವರು. ಅವನಿಗೆ ಸ್ವಂತ ಗಾಡಿ ಇರಲಿಲ್ಲ. ಅದನ್ನೇ ಹಿಡಿದುಕೊಂಡು ನಮ್ಮಪ್ಪ ಪ್ರತಿ ಸಲವೂ ಗೊಣಗುತ್ತಿದ್ದರು: "ಗಾಡಿ ಡ್ರೈವರಂದು, ರಸ್ತೆ ಸರ್ಕಾರದ್ದು, ದೇವರು ನಮ್ಮದು. ಮಧ್ಯ ಇವನದ್ದೇನ್ಲಾ ಐತೆ?"

ಅವನದ್ದೇನಿತ್ತು ಎಂದರೆ, ಹೊರಡುವ ಹಿಂದಿನ ದಿನ ಅವನು ಮನೆಗೆ ಬರುತ್ತಿದ್ದ. ಬಂದು, ಹೆಣ್ಣು ನೋಡಲು ಬಂದವನ ಹಾಗೆ ನಡುಮನೆಯಲ್ಲಿ ಕೂತು, ಕಾಫಿ ಕುಡಿದು, ಅದೂ ಇದೂ ಮಾತಾಡಿ ಎದ್ದು ಹೋಗುತ್ತಿದ್ದ. ಮಾರನೆಯ ದಿನ ನೋಡಿದರೆ ಚಿಕ್ಕಮ್ಮ ಮುಂದಿನ ಸೀಟಿನಲ್ಲಿ, ಕೈಯಲ್ಲೊಂದು ನಿಂಬೆಹಣ್ಣು. ಮಾತು ಬಿಟ್ಟವರು ಒಬ್ಬರು ಆ ತುದಿ, ಒಬ್ಬರು ಈ ತುದಿ. ಹೆಂಗಸರು ಬಾಯಿಬಿಟ್ಟು ಕೇಳಲು ಸಂಕೋಚಪಡುವ ಹೊತ್ತಿಗೆ ಸರಿಯಾಗಿ, ಟಾಯ್ಲೆಟ್ ಚೊಕ್ಕಟವಾಗಿರುವ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲುತ್ತಿತ್ತು. ಪೂಜಾರಪ್ಪ ಬಾಗಿಲು ಹಾಕಿಕೊಂಡು ಊಟಕ್ಕೆ ಹೋಗಿಬಿಡುವ ದೇವಸ್ಥಾನಗಳಿಗೆಲ್ಲ ಮೊದಲೇ ಫೋನು ಹೋಗಿರುತ್ತಿತ್ತು. ಇಷ್ಟಾಗಿಯೂ ಏನಾದರೂ ಎಡವಟ್ಟು ಆಗಿಯೇ ಆಗುತ್ತಿತ್ತು, ಆಗ ಎಲ್ಲರೂ ಒಟ್ಟಾಗಿ "ಏಯ್ ಮುನಿರಾಜ!" ಎಂದು ಅವನ ಮೇಲೆ ಬೀಳುತ್ತಿದ್ದರು. ಇಡ್ಲಿ ಹುಳಿ ಬಂದರೆ ಅವನು. ಬಿಸಿಲಾದರೆ ಅವನು. ಒಂದು ಸಲ ಆಲಿಕಲ್ಲು ಮಳೆ ಬಿದ್ದು ಗಾಡಿಯ ಗಾಜು ಸೀಳು ಬಿಟ್ಟದ್ದಕ್ಕೂ ನಮ್ಮಮ್ಮ ಅವನನ್ನೇ ಬೈದಳು. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ತಪ್ಪಾಯ್ತು ಕಣಕ್ಕಾ, ಮುಂದಿನ ಸಲ ನೋಡ್ಕೊಳ್ಳಾಣ" ಅಂದ. ಆಲಿಕಲ್ಲನ್ನು ಹೇಗೆ ನೋಡಿಕೊಳ್ಳುತ್ತಾನೋ ಯಾರೂ ಕೇಳಲಿಲ್ಲ. ಆದರೆ ಒಂದಂತೂ ನಿಜ. ಅವನು ಜೊತೆಗಿದ್ದ ಪ್ರಯಾಣಗಳಲ್ಲಿ ಗಂಡ ಹೆಂಡತಿಯನ್ನು ಬೈದದ್ದು, ಅಣ್ಣ ತಮ್ಮನನ್ನು ಬೈದದ್ದು ನನಗೆ ನೆನಪಿಲ್ಲ.

ಈಗ ನಿಮಗೆ ನನ್ನ ತಂಗಿ ಗೀತಳ ಲಗ್ನಪತ್ರಿಕೆಯ ದಿನದ ಕತೆ ಹೇಳಬೇಕು. ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ ಅದು. ಗೀತಳಿಗೆ ಮೊದಲು ನಿಶ್ಚಯವಾಗಿದ್ದ ಒಂದು ಸಂಬಂಧ ಮುರಿದುಹೋಗಿ, ಮನೆಯಲ್ಲಿ ನಗು ಅನ್ನುವುದೇ ನಿಂತುಹೋಗಿತ್ತು. ಎರಡನೆಯದು ಕೂಡಿಬಂದಾಗ ಗಂಡಿನ ಕಡೆಯವರು, ಆಷಾಢಕ್ಕೆ ಮುಂಚೆ ಮದುವೆ ಆಗಿಬಿಡಬೇಕು, ಮುಂದಕ್ಕೆ ಹಾಕಿದರೆ ನಾವು ಹೇಳಲಾರೆವು ಎಂದಿದ್ದರು. ಇದು ಒಂದು ಕಡೆಗಾದರೆ, ನಮ್ಮಪ್ಪನಿಗೂ ಅವರ ಅಣ್ಣ, ಅಂದರೆ ನಮ್ಮ ದೊಡ್ಡಪ್ಪನಿಗೂ, ತೋಟದ ಬಾವಿಯ ಪಾಲಿನ ವಿಷಯಕ್ಕೆ ವರ್ಷಗಳಿಂದ ಮಾತಿರಲಿಲ್ಲ. ಆದರೆ ದೇವರ ಮುಂದೆ ಪತ್ರಿಕೆ ಇಡುವ ಹಕ್ಕು ಮನೆಯ ಹಿರಿಯನದು. ದೊಡ್ಡಪ್ಪ ಬರದಿದ್ದರೆ ಆಗುವುದಿಲ್ಲ. ಬಂದರು. ಮುಂದೆ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರು. ಅಪ್ಪ ಕೊನೆಯ ಸೀಟಿನಲ್ಲಿ ಪತ್ರಿಕೆಯ ತಟ್ಟೆ ಹಿಡಿದುಕೊಂಡು ಕೂತರು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ದಾಯಾದಿಗಳಲ್ಲಿ ಯಾರಾದರೂ ತೀರಿಕೊಂಡರೆ ನಮಗೆಲ್ಲ ಸೂತಕ, ದೇವಸ್ಥಾನದ ಒಳಗೆ ಕಾಲಿಡುವಂತಿಲ್ಲ. ಆದರೆ ಸುದ್ದಿ ಕಿವಿಗೆ ಬಿದ್ದ ಮೇಲಷ್ಟೇ ಸೂತಕ. ಕೇಳದವನಿಗೆ ಇಲ್ಲ. ಮತ್ತೆ, ಒಮ್ಮೆ ಪತ್ರಿಕೆಯನ್ನು ದೇವರ ಮುಂದೆ ಇಟ್ಟಾಯಿತೆಂದರೆ ಆಮೇಲೆ ಯಾರು ಸತ್ತರೂ ಮದುವೆ ನಿಲ್ಲಿಸುವ ಹಾಗಿಲ್ಲ. ಇಡುವ ಮುಂಚೆ ಸುದ್ದಿ ಬಂತೋ, ಎಲ್ಲ ಅಲ್ಲಿಗೇ ನಿಂತಿತು. ಈ ಕಾನೂನನ್ನು ಯಾರು ಬರೆದರೋ ಗೊತ್ತಿಲ್ಲ, ನಮ್ಮೂರಿನಲ್ಲಿ ಇದನ್ನು ಮೀರಿದವರನ್ನು ನಾನು ನೋಡಿಲ್ಲ.

ಗೌರಿಬಿದನೂರಿನಲ್ಲಿ ಟೀ ಕುಡಿದು ಗಾಡಿ ಹತ್ತಿದೆವು. ಸ್ವಲ್ಪ ದೂರ ಹೋಗುತ್ತಲೇ ಮುನಿರಾಜಣ್ಣ ಎದ್ದು ನಿಂತು ಒಂದು ವೈರ್ ಬ್ಯಾಗು ಚಾಚಿದ. "ಎಲ್ರೂ ಫೋನ್ ಕೊಡ್ರಪ್ಪಾ. ಗುಡ್ಡದ ಮ್ಯಾಲೆ ಫೋನ್ ಬಿಡಾಕಿಲ್ಲ, ಹೊಸ ರೂಲ್ಸು."

"ಗುಡ್ಡ ಇನ್ನೂ ಎಲ್ಲೋ ಐತೆ, ಈಗ್ಲೇ ಯಾಕಣ್ಣಾ?" ಅಂದೆ ನಾನು.

"ಅಲ್ಲೋಗಿ ಪೂಜಾರಪ್ಪನ ಹತ್ರ ನಿಂದು ತಕರಾರು ಶುರುವಾಯ್ತದೆ. ಕೊಡಪ್ಪಾ ಸುಮ್ಕೆ." ಕೊಟ್ಟೆ. ದೊಡ್ಡಪ್ಪನೂ ಕೊಟ್ಟರು.

ಗುಡ್ಡ ಹತ್ತಿದೆವು. ಮಂಗಳಾರತಿಗೆ ಮುಂಚೆ ಪೂಜಾರಪ್ಪ, "ಯಾರಪ್ಪಾ ಹಿರೀಕರು, ಪತ್ರಿಕೆ ತನ್ನಿ" ಎಂದು ಕರೆದರು. ದೊಡ್ಡಪ್ಪ ಹೊರಗೆ ಗರುಡಗಂಬದ ಹತ್ತಿರವೇ ನಿಂತುಬಿಟ್ಟಿದ್ದರು. ಅಪ್ಪ ಹೋಗಿ, ಮುಖ ಬೇರೆ ಕಡೆ ತಿರುಗಿಸಿಕೊಂಡೇ ತಟ್ಟೆಯನ್ನು ಅವರ ಮುಂದೆ ಹಿಡಿದರು. ದೊಡ್ಡಪ್ಪ ತಟ್ಟೆ ಮುಟ್ಟಲಿಲ್ಲ. "ನೀನೇ ಇಡೋಗ್ಲಾ," ಅಂದರು. "ನಿನ್ನ ಮಗಳು. ನೀನೇ ಇಡು."

ಅಷ್ಟು ವರ್ಷಗಳ ಮೇಲೆ ಅಣ್ಣನ ಬಾಯಿಂದ ತಮ್ಮನಿಗೆ ಬಂದ ಮೊದಲ ಮಾತು ಅದು. ಹಿರಿಯನ ಹಕ್ಕನ್ನು ಎಲ್ಲರೆದುರು ಬಿಟ್ಟುಕೊಟ್ಟದ್ದು ಬೇರೆ. ಅಪ್ಪ ತಟ್ಟೆ ಹಿಡಿದುಕೊಂಡೇ ಅತ್ತುಬಿಟ್ಟರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಪತ್ರಿಕೆ ದೇವರ ಪಾದದ ಹತ್ತಿರ ಹೋಯಿತು. ಮಂಗಳಾರತಿ ಆಯಿತು.

ಗುಡ್ಡದ ಕೆಳಗೆ ಬಂದು ಊಟಕ್ಕೆ ಎಲೆ ಹಾಕುತ್ತಾರೆಂದು ಕಾಯುತ್ತಿದ್ದರೆ ಮುನಿರಾಜಣ್ಣ ಕೈಕಟ್ಟಿಕೊಂಡು ಮುಂದೆ ಬಂದು ನಿಂತ. "ಊಟ ಗಾಡೀಲೇ ಮಾಡ್ಬೇಕು. ಕುಂದಾಣದ ಪಿಳ್ಳಪ್ಪಣ್ಣ ಬೆಳಿಗ್ಗೆ ತೀರ್ಕೊಂಡ್ರಂತೆ. ದಾರೀಲೇ ನಂಗೆ ಫೋನ್ ಬಂತು. ನಾನೇ ಹೇಳ್ಲಿಲ್ಲ."

ಪಿಳ್ಳಪ್ಪ ನಮ್ಮ ದಾಯಾದಿ. ದೊಡ್ಡಪ್ಪನಿಗಂತೂ ಅಷ್ಟೇ ಅಲ್ಲ. ಹುಡುಗನಾಗಿದ್ದಾಗ ಅವರು ಓದಿದ್ದು, ಉಂಡದ್ದು, ಬೆಳೆದದ್ದು ಪಿಳ್ಳಪ್ಪನ ಮನೆಯಲ್ಲಿ, ಅವನ ಜೊತೆಯಲ್ಲೇ. ದೊಡ್ಡಪ್ಪ ಎದ್ದು ಬಂದು ಮುನಿರಾಜಣ್ಣನ ಎದೆಯ ಮೇಲಿನ ಅಂಗಿ ಹಿಡಿದರು. "ಮನೆಹಾಳ! ನನ್ನ ಪಿಳ್ಳನ ಸುದ್ದಿ ಮುಚ್ಚಿಡಾಕೆ ನೀನ್ಯಾವನ್ಲಾ? ನಾಲ್ಕು ಕಾಸಿನ ಟ್ರಾವೆಲ್ಸೋನು! ಅವನ ಮುಖ ಸಿಗ್ಲಿಲ್ಲ ಅಂದ್ರೆ ನಿನ್ನ ಉಳಸಾಕಿಲ್ಲ ನಾನು!" ಎಂದು ಕೂಗುತ್ತಲೇ ಬೋರಾಡಿ ಅಳುತ್ತಿದ್ದರು. ಮುನಿರಾಜಣ್ಣ, "ತಪ್ಪಾಯ್ತು ಗೌಡ್ರೇ, ತಪ್ಪಾಯ್ತು" ಎಂದ. ಅಪ್ಪ ಬಂದು ಅಣ್ಣನ ಕೈ ಬಿಡಿಸಿ, ಹೆಗಲು ಹಿಡಿದು ಗಾಡಿ ಹತ್ತಿಸಿ, ಪಕ್ಕದಲ್ಲೇ ಕೂತರು. ದಾರಿಯುದ್ದಕ್ಕೂ ದೊಡ್ಡಪ್ಪ ಬೈಯುತ್ತಲೇ ಇದ್ದರು. ಗಾಡಿ ಗೌರಿಬಿದನೂರಿನಲ್ಲೂ ನಿಲ್ಲಲಿಲ್ಲ, ದೊಡ್ಡಬಳ್ಳಾಪುರದಲ್ಲೂ ನಿಲ್ಲಲಿಲ್ಲ. ಕುಂದಾಣದಲ್ಲಿ ನಾವು ಹೋಗುವವರೆಗೂ ಹೆಣ ಎತ್ತಿರಲಿಲ್ಲ, ಮುನಿರಾಜಣ್ಣ ಫೋನು ಮಾಡಿ ಕಾಯಲು ಹೇಳಿದ್ದನಂತೆ. ದೊಡ್ಡಪ್ಪ ಮುಖ ನೋಡಿದರು, ಮಣ್ಣು ಹಾಕಿದರು.

ಸೂತಕ ಕಳೆದ ಮೇಲೆ ಪತ್ರಿಕೆ ಹಂಚಿದೆವು, ಗೀತಳ ಮದುವೆ ಹೇಳಿದ ದಿನವೇ ಆಯಿತು. ಅಣ್ಣತಮ್ಮಂದಿರು ಸೇರಿ ಬಾವಿಗೆ ಹೊಸ ಮೋಟರು ಇಳಿಸಿದರು. ಅಪ್ಪ ಸಾಯುವವರೆಗೂ ಬಂದವರಿಗೆಲ್ಲ, "ಅಣ್ಣ ಅವತ್ತು ಸ್ವಾಮಿ ಮುಂದೆ ನನ್ನ ಕೈಲೇ ಇಡಸ್ದ" ಎಂದು ಹೇಳುತ್ತಿದ್ದರು. ಆ ಮಾತು ಹೇಳುವಾಗ ಅವರ ಮುಖ ನೋಡಬೇಕಿತ್ತು ನೀವು.

ಇರಲಿ. ಗಾಡಿ ಗೊತ್ತಾದ ಮಾರನೆಯ ದಿನ ದೊಡ್ಡಪ್ಪನನ್ನು ಕರೆಯಲು ಹೋದೆ. ಈಗ ಅವರಿಗೆ ಕಿವಿ ಮಂದ, ನಾಲಿಗೆ ಮಾತ್ರ ಹಾಗೇ ಇದೆ. "ಯಾವ ಟ್ರಾವೆಲ್ಸ್‌ಲಾ?" ಅಂದರು. ಮೊಬೈಲಿನಲ್ಲಿ ಮಾಡಿದ್ದೇವೆಂದೆ.

"ಜೊತೇಲಿ ಯಾರು ಬತ್ತಾರೆ?"

"ಡ್ರೈವರ್ ಬರ್ತಾನೆ."

"ಅವನು ಗಾಡಿ ಓಡಸ್ತಾನೆ. ಬೈಸ್ಕೊಳಾಕೆ ಯಾರ್ಲಾ ಬತ್ತಾರೆ?"

ನಾನು ನಕ್ಕೆ. ಅವರು ನಗಲಿಲ್ಲ. ಸೂರು ನೋಡುತ್ತಲೇ ಹೇಳಿದರು. "ಪಿಳ್ಳ ಹೋದ ಸುದ್ದಿ ಮೊದಲು ಬಂದಿದ್ದು ನಂಗೇ ಕಣ್ಲಾ. ಟೀ ಅಂಗಡೀತಾವ. ನಿಮ್ಮಪ್ಪಂಗೆ ಹೇಳಿದ್ರೆ ಮದುವೆ ನಿಂತೋಯ್ತದೆ. ನಾನು ಇಳಿದು ವಾಪಸ್ ಹೋದ್ರೆ, ಬೇಕು ಅಂತ್ಲೇ ಕೆಡಿಸ್ದ ಅಂತಾರೆ. ಮುನಿರಾಜನ್ನ ಮೂಲೆಗೆ ಕರೆದು ಹೇಳ್ದೆ. ಎಲ್ಲಾರ ಫೋನ್ ಇಸ್ಕಳ್ಲಾ, ಪೂಜೆ ಆದ್ಮೇಲೆ ನೀನೇ ಹೇಳು, ನಾನು ಬೈತೀನಿ, ಬೈಸ್ಕೊ ಅಂದೆ. ಹೂಂ ಗೌಡ್ರೇ ಅಂದ."

"ಮತ್ತೆ ಅಪ್ಪನ ಕೈಗೆ ಪತ್ರಿಕೆ..."

"ಸೂತಕದ ಕೈಲಿ ಹೆಂಗ್ಲಾ ಮುಟ್ಲಿ? ಅದುಕ್ಕೆ ನೀನೇ ಇಡು ಅಂದೆ. ಅವನು ಏನೋ ಅಂದ್ಕಂಡ. ಅತ್ಬಿಟ್ಟ. ಅಂದ್ಕಳ್ಲಿ ಬಿಡು ಅಂತ ನಾನೂ ಸುಮ್ಕಾದೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅಪ್ಪ ಅಷ್ಟು ವರ್ಷ ಎದೆಗವುಚಿಕೊಂಡಿದ್ದ ಒಂದು ಮಾತು ಬರೀ ಸೂತಕದ ಲೆಕ್ಕಾಚಾರವಾಗಿತ್ತೇ? ಪಿಳ್ಳಪ್ಪನಿಗಾಗಿ ಅತ್ತ ಅಳು ನಿಜ, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಸಂಕಟವನ್ನು ಗುಡ್ಡದ ಮೇಲೆ ಹತ್ತಿಸಿ ಇಳಿಸುವವರೆಗೂ ಬಾಯಿಬಿಡದೆ ಹೊತ್ತವರು ಅವರು. ತಮ್ಮನ ಮಗಳಿಗಾಗಿಯೇ ಹೊತ್ತದ್ದು. ಆದರೂ ಮನಸ್ಸು ಸಮಾಧಾನವಾಗದೆ, ಬರುವ ದಾರಿಯಲ್ಲಿ ಬೈಕನ್ನು ಬಸ್ ಸ್ಟ್ಯಾಂಡಿನ ಹಿಂದಕ್ಕೆ ತಿರುಗಿಸಿದೆ.

ಜೆರಾಕ್ಸ್ ಅಂಗಡಿ ಬೆಳೆದು ಟ್ರಾವೆಲ್ಸನ್ನು ನುಂಗಿಕೊಂಡಿದೆ. ಮುನಿರಾಜಣ್ಣ ಅದರ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಯಾರಿಗೋ ಕಾಶಿ ಟಿಕೆಟ್ಟಿನ ವಿಷಯ ಬಿಡಿಸಿ ಹೇಳುತ್ತಿದ್ದ. ಅವರು ಹೋಗುವವರೆಗೂ ಕಾದೆ. ಮಗಳ ಮದುವೆ ಎಂದೆ, ಗಾಡಿ ಆಗಲೇ ಗೊತ್ತಾಗಿದೆ ಎಂದೆ, ಆದರೂ ನೀನು ಜೊತೆಗೆ ಬರಬೇಕು ಎಂದೆ. "ಬರ್ತೀನಿ ಬಿಡಪ್ಪಾ, ಅದಕ್ಕೇನಂತೆ" ಅಂದ. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ. ದೊಡ್ಡಪ್ಪ ಹೀಗೆ ಹೀಗೆ ಹೇಳಿದರು, ಎಲ್ಲ ಮೊದಲೇ ಗೊತ್ತಿತ್ತಂತೆ, ನಿಜವೇನಣ್ಣಾ?

ಮುನಿರಾಜಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ವಯಸ್ಸಾಯ್ತಲ್ಲಪ್ಪಾ ಗೌಡ್ರಿಗೆ, ಒಂದಕ್ಕೊಂದು ಸೇರಿಸ್ಕೊಂಡು ಹೇಳ್ತಾರೆ. ಅವರಿಗೇನೂ ಗೊತ್ತಿರ್ಲಿಲ್ಲ. ಫೋನ್ ಬಂದಿದ್ದು ನಂಗೆ. ಮುಚ್ಚಿಟ್ಟಿದ್ದು ನಾನು. ತಪ್ಪು ನಂದು."

"ಮತ್ತೆ ಪತ್ರಿಕೆ?"

"ತಮ್ಮನ ಮೇಲಿನ ಆಸೆಗೆ ಕೊಟ್ರು. ಪಕ್ಕದಲ್ಲೇ ನಿಂತಿದ್ದೆನಲ್ಲ, ನಾನೇ ಕಂಡಿದ್ದೀನಿ." ಎಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ.

ಸುಳ್ಳು ಹೇಳುತ್ತಿದ್ದಾನೆಂದು ನನಗೆ ಗೊತ್ತಾಯಿತು, ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು. "ಹೌದಣ್ಣ, ನಮ್ಮಪ್ಪನೂ ಹಂಗೇ ಹೇಳೋರು" ಅಂದೆ.