ಎರಡೂ ಕಡೆ ನೋಡುವ ಚೌಡಮ್ಮ

ಶಿವಮೊಗ್ಗದ ಹೊಸಮನೆ ಬಡಾವಣೆಗೆ ಇನ್ನೂ ಹಾಲಿನವರು ಬಂದಿಲ್ಲ. ವಿಶಾಲಮ್ಮ ಅಡುಗೆಮನೆಯ ಮೂಲೆಯಲ್ಲಿ ದೀಪ ಹಚ್ಚಿ, ಸಿಗಂದೂರು ಚೌಡೇಶ್ವರಿಯ ಪಟವನ್ನು ಮೊಳೆಯಿಂದ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. ಆಮೇಲೆ ಪಟವನ್ನು ತಿರುಗಿಸಿ ಹಿಂಭಾಗವನ್ನೂ ಒರೆಸುತ್ತಾರೆ. ಹಿಂದೆಯೂ ಒಬ್ಬ ಚೌಡಮ್ಮ ಇದ್ದಾಳೆ. ಆ ಕತೆಗೆ ಆಮೇಲೆ ಬರೋಣ. ಈಗ ಒಲೆಯ ಮೇಲೆ ಉಪ್ಪಿಟ್ಟು ಸೀಯುತ್ತಿದೆ, ಬಾಗಿಲ ಬಳಿ ತನುಶ್ರೀ ಚೀಲ ಹಿಡಿದು ನಿಂತಿದ್ದಾಳೆ.

ಇದು ಕುಡಿತ ಬಿಡಲು ಬಂದ ಹೆಣ್ಣುಮಕ್ಕಳು ಉಳಿದುಕೊಳ್ಳುವ ಮನೆ. ನಡೆಸುವುದು ಒಂದು ಸಣ್ಣ ಟ್ರಸ್ಟ್. ಅಡುಗೆ ಮಾಡುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಜಗಳ ಬಿಡಿಸುವುದು, ಬಾಗಿಲು ಕಾಯುವುದು ಎಲ್ಲವೂ ವಿಶಾಲಮ್ಮನ ಪಾಲು. ತನುಶ್ರೀ ಇಂದು ಭದ್ರಾವತಿಯ ಅತ್ತೆ ಮನೆಯಲ್ಲಿರುವ ಮಗಳನ್ನು ನೋಡಲು ಹೊರಟಿದ್ದಾಳೆ. ಹೋದ ತಿಂಗಳೂ ಹೊರಟಿದ್ದಳು. ಬಸ್ಸಿಳಿದವಳು ವೈನ್ ಶಾಪ್ ದಾಟಲಿಲ್ಲ. ಈ ಸಲ ನೆಟ್ಟಗೆ ಬಂದರೆ ಪ್ರತಿ ಭಾನುವಾರ ಮಗುವನ್ನು ನೋಡಬಹುದು, ಇಲ್ಲವಾದರೆ ಇತ್ತ ತಲೆ ಹಾಕಬೇಡ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದಾರೆ.

"ನೀವೂ ಬನ್ನಿ ಅಕ್ಕ," ಎನ್ನುತ್ತಾಳೆ ತನುಶ್ರೀ.

"ನಾನ್ ಬಂದ್ರೆ ನಿಮ್ಮತ್ತೆ ನನ್ನ ನೋಡ್ತಾರೆ, ನಿನ್ನಲ್ಲ. ಒಬ್ಳೇ ಹೋಗು. ಉಪ್ಪಿಟ್ಟು ತಿನ್ಕೊಂಡ್ ಹೋಗು ಮಾರಾಯ್ತಿ. ಸೀದಿದೆ, ಆದ್ರೂ ತಿನ್ನು."

ವಿಶಾಲಮ್ಮನ ಊರೂ ಭದ್ರಾವತಿಯೇ. ಅಲ್ಲಿನ ಮದುವೆ ಛತ್ರಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ಆಳು ಕೂರುವಷ್ಟು ದೊಡ್ಡ ಕಡಾಯಿಗಳನ್ನು ತಿಕ್ಕಿ ಸೊಂಟ ಹಿಡಿದುಕೊಂಡ ದಿನ ಜೊತೆಯವರು ಒಂದು ಗುಟುಕು ಕೊಟ್ಟರು. ನೋವು ಹೋಯಿತು, ಗುಟುಕು ಉಳಿಯಿತು. "ಗಂಡಸು ಕುಡಿದ್ರೆ ಕುಡುಕ ಅಂತಾರೆ. ಹೆಂಗಸಿಗೆ ಅನ್ನೋ ಮಾತೇ ಬೇರೆ. ಅದನ್ನ ನಿಮ್ಮ ಪೇಪರ್‌ನಲ್ಲಿ ಹಾಕೋಕಾಗಲ್ಲ ಬಿಡಿ," ಎನ್ನುತ್ತಾರೆ, ವರದಿಗೆಂದು ಬಂದ ನನಗೆ. ಅವರ ತಮ್ಮ ಇಲ್ಲಿಗೆ ತಂದು ಬಿಟ್ಟಾಗ ವಿಶಾಲಮ್ಮನೂ ರೋಗಿಯೇ. ಚೇತರಿಸಿಕೊಳ್ಳುವ ಹೊತ್ತಿಗೆ ಅಡುಗೆಯವರು ಕೆಲಸ ಬಿಟ್ಟಿದ್ದರು. ಸೌಟು ಇವರ ಕೈಗೆ ಬಂತು.

"ಡಾಕ್ಟ್ರು ಮಾತ್ರೆ ಕೊಡ್ತಾರೆ, ಟ್ರಸ್ಟಿನ ಮೇಡಂ ಬುದ್ಧಿ ಹೇಳ್ತಾರೆ. ನಾನು ಕಾಫಿ ಕೊಟ್ಟು, ಹೆಂಗ್ ಸಿಕ್ಕಾಕ್ಕೊಂಡೆ ಹೇಳೇ ಅಂತೀನಿ," ಎಂದು ನಗುತ್ತಾರೆ. ಆಗ ಕತೆಗಳು ಬರುತ್ತವೆ. ಒಬ್ಬಳು ಬ್ರಾಂದಿಯನ್ನು ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬಚ್ಚಿಟ್ಟಿದ್ದಳು, ಅವಳ ಅತ್ತೆ ಅದನ್ನೇ ತಲೆಗೆ ತಟ್ಟಿಕೊಂಡರು. ಇಡೀ ಮನೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಇನ್ನೊಂದು ಸಂಗತಿ ಮಾತ್ರ ಹೆಚ್ಚುಕಡಿಮೆ ಎಲ್ಲರದೂ ಒಂದೇ: ಕುಡಿಯುವ ಮುಂಚೆ ದೇವರ ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸುವುದು. ದೇವರು ನೋಡಬಾರದಲ್ಲ.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಎಲ್ಲರೂ ಆಸ್ಪತ್ರೆಗೆ ಹೋಗಿದ್ದರು. ವಾಪಸು ಬಂದರೆ ಮನೆ ಚೊಕ್ಕಟವಾಗಿತ್ತು. ವಿಶಾಲಮ್ಮ ಏಲಕ್ಕಿ ಅಗಿಯುತ್ತ ಅನ್ನ ಬಸಿಯುತ್ತಿದ್ದರು. ಚೌಡಮ್ಮನ ಪಟ ಮಾತ್ರ ಗೋಡೆ ನೋಡುತ್ತಿತ್ತು. ತಿರುಗಿಸಿದವರು ಸರಿ ಮಾಡಲು ಮರೆತಿದ್ದರು. ಅಲ್ಲಿದ್ದವರೆಲ್ಲ ಅದೇ ದಾರಿ ನಡೆದು ಬಂದವರು, ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

"ತಂಗಿ ತೀರ್ಕೊಂಡಿದ್ಲು. ಅದು ನೆಪ," ಎನ್ನುತ್ತಾರೆ ವಿಶಾಲಮ್ಮ. "ಅಷ್ಟು ವರ್ಷ ಇವರಿಗೆಲ್ಲ ಧೈರ್ಯ ಹೇಳಿ ನಾನೇ ಬಿದ್ದೆ. ಬೀಗದ ಕೈ ಕೆಳಗಿಟ್ಟು, ಹೋಗ್ತೀನಿ ಅಂದೆ."

ಯಾರೂ ಹೋಗಿ ಎನ್ನಲಿಲ್ಲ. ಆಗ ಕುಡಿತ ಬಿಡಲು ಬಂದು ಅಲ್ಲಿದ್ದ ವಾಣಿ ಎಂಬುವರು ಬೀಗದ ಕೈಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮರುದಿನ ಗಾಂಧಿ ಬಜಾರಿನ ದಿನಸಿ ಅಂಗಡಿಯಿಂದ ಚೌಡಮ್ಮನ ಕ್ಯಾಲೆಂಡರ್ ತಂದು, ಮೈದಾ ಅಂಟು ಕಾಯಿಸಿ, ಪಟದ ಬೆನ್ನಿಗೆ ಅಂಟಿಸಿದರು. ಕೆಳಗೆ ಅಂಗಡಿಯ ಫೋನ್ ನಂಬರ್ ಹಾಗೇ ಉಳಿದಿದೆ. "ಇನ್ನು ಹೆಂಗ್ ತಿರುಗಿಸ್ತೀರೋ ತಿರುಗಿಸಿ ಅಕ್ಕ," ಎಂದು ವಾಣಿ ಬೀಗದ ಕೈ ವಾಪಸು ಕೊಟ್ಟಾಗ ಮೊದಲು ನಕ್ಕವರು ವಿಶಾಲಮ್ಮ, ಆಮೇಲೆ ಅತ್ತವರೂ ಅವರೇ. ಬಿದ್ದಿದ್ದನ್ನು ಮುಚ್ಚಿಡದೆ ಹೇಳಿಕೊಂಡು, ಅದೇ ಒಲೆಯ ಮುಂದೆ ಮತ್ತೆ ನಿಂತ ಈ ಹೆಂಗಸಿನ ಬಗ್ಗೆ ನನಗೆ ತುಂಬು ಗೌರವ.

ಸಂಜೆ ವಿಶಾಲಮ್ಮ ಗೇಟಿನ ಬಳಿ ಸೊಪ್ಪು ಬಿಡಿಸುತ್ತ ಕೂತಿದ್ದಾರೆ. ಬಿಡಿಸಿದ ಸೊಪ್ಪಿನಲ್ಲೇ ಮತ್ತೆ ಕೈಯಾಡಿಸುತ್ತಾರೆ. ಹೇಳಿದ ಹೊತ್ತು ಮೀರಿದೆ, ತನುಶ್ರೀಯ ಫೋನ್ ಸ್ವಿಚ್ ಆಫ್. ಕತ್ತಲಾಗುವ ಮುಂಚೆ ಅವಳು ರಸ್ತೆಯ ತಿರುವಿನಲ್ಲಿ ಕಾಣಿಸುತ್ತಾಳೆ. ವಿಶಾಲಮ್ಮ ಹತ್ತಿರ ಕರೆದು ಅವಳ ಬಾಯಿ ಮೂಸುತ್ತಾರೆ. ಇಲ್ಲಿ ಅದೇ ಪದ್ಧತಿ, ಯಾರೂ ಬೇಸರಪಡುವುದಿಲ್ಲ. ಬರುವುದು ಪೌಡರ್ ವಾಸನೆ. ಮಗಳು ಅಮ್ಮನ ಮುಖಕ್ಕೆಲ್ಲ ಬಳಿದಿದ್ದಾಳೆ.

"ವೈನ್ ಶಾಪ್ ಮುಂದೆ ನಿಂತೆ ಅಕ್ಕ, ಸುಳ್ಳು ಹೇಳಲ್ಲ," ಎನ್ನುತ್ತಾಳೆ ತನುಶ್ರೀ. "ಈ ಕಡೆ ತಿರುಗಿದ್ರೂ ಚೌಡಮ್ಮ, ಆ ಕಡೆ ತಿರುಗಿದ್ರೂ ಫೋನ್ ನಂಬರ್ ಸಮೇತ ಚೌಡಮ್ಮ ಅನ್ನಿಸ್ತು. ನಗು ಬಂದ್ಬಿಡ್ತು. ರಸ್ತೆ ತುಂಬ ಒಬ್ಳೇ ನಕ್ಕೊಂಡ್ ಹೋದೆ. ಕುಡಿದಿದಾಳೆ ಅಂದ್ಕೊಂಡಿರ್ಬೇಕು ಜನ. ಭಾನುವಾರ ಬಾ ಅಂದ್ರು ಅತ್ತೆ."

ಇವಳು ಇನ್ನು ಕುಡಿಯುವುದಿಲ್ಲ ಅಲ್ಲವೇ ಎಂದು ನಾನು ಮೆಲ್ಲಗೆ ಕೇಳುತ್ತೇನೆ.

"ನನ್ ಬಗ್ಗೆನೇ ನಂಗೆ ಗೊತ್ತಿಲ್ಲ, ಇವಳ ಬಗ್ಗೆ ಹೆಂಗ್ ಹೇಳ್ಲಿ? ಇವಳು ಬಿದ್ರೆ ಬಾಗಿಲು ತೆಗೆಯೋಕೆ ನಾನಿರ್ತೀನಿ. ನಾನ್ ಬಿದ್ರೆ ಇವಳಿರ್ತಾಳೆ." ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋಗುತ್ತ ವಿಶಾಲಮ್ಮ ಪಟದ ಮುಂದೆ ನಿಲ್ಲುತ್ತಾರೆ. "ಒಂದೇ ಒಂದು ಆಸೆ ಇದೆ. ಹಿಂದಿನ ಚೌಡಮ್ಮನಿಗೆ ಗಾಜಿಲ್ಲ, ಹೊಗೆ ಹಿಡೀತಿದೆ. ಅವಳಿಗೂ ಒಂದು ಗಾಜು ಹಾಕಿಸ್ಬೇಕು. ಇನ್ನೂ ಎಷ್ಟು ವರ್ಷ ಬೇಕಾಗ್ತಾಳೋ ಏನೋ."