ಬೆನ್ನ ಹಿಂದಿನ ಹೆಜ್ಜೆ

ಒಬ್ಬ ನ್ಯಾಯಮೂರ್ತಿಯನ್ನು ಕುರ್ಚಿಯಿಂದ ಇಳಿಸುವುದೆಂದರೆ ಸಣ್ಣ ಕೆಲಸವಲ್ಲ. ಸಂಸದರು ಸಹಿ ಹಾಕಿ ದೂರು ಕೊಡಬೇಕು, ಮೂವರ ಸಮಿತಿ ತನಿಖೆ ಮಾಡಬೇಕು, ಆಮೇಲೆ ಸಂಸತ್ತಿನ ಎರಡೂ ಸದನಗಳಲ್ಲಿ ಮತ ಹಾಕುವವರ ಪೈಕಿ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಬೇಕು. ಈ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿಯ ವಿಷಯದಲ್ಲಿ ಅಷ್ಟೂ ಆಗಿ ಮುಗಿದಿದೆ. ಆದರೂ ಅವರ ಮುಂದೆ ನಡೆಯುತ್ತಿದ್ದ ದಫೇದಾರರ ಕಿವಿಯಿಂದ ಆ ನ್ಯಾಯಮೂರ್ತಿ ಇನ್ನೂ ಇಳಿದಿಲ್ಲ.

ಬೆಳಕು ಹರಿಯುವ ಹೊತ್ತಿಗೇ ದಫೇದಾರರು ನ್ಯಾಯಾಲಯದ ಖಾಲಿ ಕಾರಿಡಾರಿನಲ್ಲಿ ಬೆಳ್ಳಿ ಹಿಡಿಯ ಕೋಲು ಒರೆಸುತ್ತಾ ಕೂತಿರುತ್ತಾರೆ. ಚೇಂಬರಿನಿಂದ ಕೋರ್ಟ್ ಹಾಲಿನವರೆಗೆ ನ್ಯಾಯಮೂರ್ತಿಗಳ ಮುಂದೆ ನಡೆಯುವುದು, ಬಾಗಿಲು ತೆರೆದು ಎಲ್ಲರೂ ಏಳುವಂತೆ ಕೂಗುವುದು ಅವರ ಕೆಲಸ. ಹಿಂತಿರುಗಿ ಮಾತ್ರ ನೋಡಬಾರದು. ಹಿಂದಿನವರು ಎಷ್ಟು ದೂರದಲ್ಲಿದ್ದಾರೆಂದು ಹೆಜ್ಜೆ ಸದ್ದಿನಿಂದಲೇ ತಿಳಿಯಬೇಕು.

"ಆ ಸಾಹೇಬ್ರದ್ದು ಎಡಗಾಲು ಸ್ವಲ್ಪ ಎಳೆಯೋದು. ನನ್ನ ಹೆಂಡ್ತಿ ಹೆಜ್ಜೆನೂ ಅಷ್ಟು ಗೊತ್ತಿಲ್ಲ ನಂಗೆ."

"ಗೊತ್ತಾಗೋದಾದ್ರೂ ಹೇಗೆ?" ಎನ್ನುತ್ತಾರೆ ಮನೆಯಲ್ಲಿ ಅವರ ಹೆಂಡತಿ. "ಒಂದ್ಸಲ ನನ್ನ ಮಾರ್ಕೆಟ್‌ನಲ್ಲೇ ಬಿಟ್ಟು, ತಿರುಗಿ ನೋಡದೆ ಮನೆ ಸೇರಿದ ಪುಣ್ಯಾತ್ಮ ಇವರು."

ತೀರ್ಪಿಗೆ ಬದಲಾಗಿ ಕಕ್ಷಿದಾರನೊಬ್ಬನ ಮನೆಯನ್ನೇ ಬರೆಸಿಕೊಂಡರೆಂಬುದು ಆ ನ್ಯಾಯಮೂರ್ತಿಯ ಮೇಲಿನ ಆರೋಪ. ಸಮಿತಿಯೆದುರು ದಫೇದಾರರೂ ಸಾಕ್ಷಿ ಹೇಳಿದರು.

"ಆ ಕಕ್ಷಿದಾರ ಚೇಂಬರಿನ ಹಿಂಬಾಗಿಲಿಂದ ಬರ್ತಿದ್ದ ಅಂದೆ. ಕಂಡಿದ್ದು ಅಷ್ಟೇ. ಸಾಹೇಬ್ರು ಎದುರಿಗೇ ಕೂತಿದ್ರು. ರೆಪ್ಪೆ ಬಡೀದೆ ನನ್ನನ್ನೇ ನೋಡ್ತಾ ಇದ್ರು."

ಆ ಜಾಗಕ್ಕೆ ಬಂದ ಹೊಸ ನ್ಯಾಯಮೂರ್ತಿ ಮೆತ್ತನೆಯ ಚಪ್ಪಲಿ ಹಾಕುವ ಹೆಂಗಸು. ನಡೆದರೆ ಸದ್ದೇ ಇಲ್ಲ. ಕಳೆದ ವಾರ ದಫೇದಾರರ ಬೆನ್ನ ಹಿಂದೆ ಎಡಗಾಲು ಎಳೆಯುವ ಸದ್ದು ಬಂತು. ರೂಢಿಯಂತೆ ನಡೆದರು, ಬಾಗಿಲು ತೆರೆದು ಕೂಗಿದರು. ವಕೀಲರು, ಪೊಲೀಸರು, ಕೈದಿಗಳು ಎದ್ದು ತಲೆಬಾಗಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಹೊಸ ನ್ಯಾಯಮೂರ್ತಿ ಇನ್ನೂ ಚೇಂಬರಿನಲ್ಲಿ ಕನ್ನಡಕ ಹುಡುಕುತ್ತಿದ್ದರು. ಆದರೂ ಕೂರುವ ಧೈರ್ಯ ಯಾರಿಗೂ ಬರಲಿಲ್ಲ. ಮೇಲಿನ ಕುರ್ಚಿ ತುಸು ಹಿಂದೆ ಸರಿಯಿತೆಂದು ಬೆರಳಚ್ಚುಗಾರ ಈಗಲೂ ಹೇಳುತ್ತಾನೆ.

ಇನ್ನೊಮ್ಮೆ ಹೀಗಾದರೆ ಕೋಲು ಬೇರೆಯವರ ಕೈಗೆ ಹೋಗುತ್ತದೆಂದು ಕಚೇರಿ ಎಚ್ಚರಿಸಿತು. ಹೊಸ ನ್ಯಾಯಮೂರ್ತಿಯೇ ದಾರಿ ತೋರಿದರು: "ತಿರುಗಿ ನೋಡ್ಕೊಂಡೇ ನಡೀರಿ ದಫೇದಾರ್ರೇ. ನಾನೇನೂ ಅಂದ್ಕೊಳಲ್ಲ."

ಈಗ ಬಾಗಿಲು ಮುಟ್ಟುವ ಮೊದಲು ಅವರು ಒಮ್ಮೆ ತಿರುಗುತ್ತಾರೆ.

"ಅಮ್ಮಾವ್ರು ಕಾಣ್ತಾರೆ, ಅಷ್ಟು ಸಾಕು. ಅವರ ಹಿಂದೆ ಆ ಸದ್ದು ಇನ್ನೂ ಬರ್ತಾ ಇರತ್ತೆ. ಅಲ್ಲಿಗಂತೂ ನಾನು ಕಣ್ಣು ಹಾಯ್ಸಲ್ಲ."

ಕೆಲಸ ಉಳಿಯಿತು. ಹಿಂತಿರುಗದೆ ನಡೆಯುವ ಹೆಮ್ಮೆ ಹೋಯಿತು.