ಹನ್ನೆರಡೂವರೆಯ ಬೆಳಗು

ಗಿರಿಜಕ್ಕನ ಮನೆಯಲ್ಲಿ ಬೆಳಗಾಗುತ್ತಿದ್ದುದು ಮಧ್ಯಾಹ್ನ ಹನ್ನೆರಡೂವರೆಗೆ. ನಾನು ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಎದುರುಮನೆಯ ಚಿಲಕ ಸರಿಯುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು, ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತ ಕೇಳುತ್ತಿದ್ದರು.

"ಸುಮಾ, ತಿಂಡಿ ಏನೇ?"

"ಊಟದ ಹೊತ್ತು, ಗಿರಿಜಕ್ಕ."

"ಅದು ನಿನಗೆ. ನನಗಿನ್ನೂ ಕಾಫಿನೇ ಆಗಿಲ್ಲ."

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ನಾಲ್ಕು ಮನೆ, ನಡುವೆ ಒಂದು ಅಂಗಳ. ಗಿರಿಜಕ್ಕ ಐವತ್ತು ದಾಟಿದ ಒಂಟಿ ಹೆಂಗಸು. ಪ್ರೆಸ್ಸುಗಳಿಗೆ ಕರಡು ತಿದ್ದಿಕೊಟ್ಟು ಬದುಕುತ್ತಿದ್ದರು. ಅವರಿಗಿದ್ದ ಕಾಯಿಲೆಯ ಹೆಸರು ಫೈಬ್ರೊಮಯಾಲ್ಜಿಯ. ಹೆಸರು ನನ್ನ ನಾಲಿಗೆಗೆ ಹೊರಳಲು ಒಂದು ವರ್ಷ ಬೇಕಾಯಿತು. ಮೈಯ ಮಾಂಸಖಂಡವೆಲ್ಲ ನೋವು, ಜೊತೆಗೆ ದೇಹದ ಹೊತ್ತುಗೊತ್ತೆಲ್ಲ ಅದಲುಬದಲು. ಹಾಲಿನವನು ಬರುವವರೆಗೆ ನಿದ್ದೆ ಹತ್ತದು. ಸಂಜೆ ಐದಕ್ಕೆ ಬೆಳಗಿನ ಹಸಿವು. ಮೇ ತಿಂಗಳ ಬಿಸಿಲಲ್ಲಿ ಚಳಿಯಾಗಿ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರು.

"ಎಕ್ಸ್‌ರೇಲಿ ಕಾಣಲ್ಲ, ರಕ್ತದಲ್ಲಿ ಕಾಣಲ್ಲ. ರಿಪೋರ್ಟ್ ಹಿಡ್ಕೊಂಡು ಬಂದ್ರೆ ಜನ ಕಂಗ್ರಾಜುಲೇಷನ್ಸ್ ಅಂತಾರೆ ಕಣೇ" ಎಂದು ನಗುತ್ತಿದ್ದರು.

ಎದ್ದ ಮೇಲಿನ ಎರಡು ಮೂರು ಗಂಟೆಯನ್ನು ಅವರು ಮಂಜಿನ ಹೊತ್ತು ಎನ್ನುತ್ತಿದ್ದರು. ಆಗ ಮಾತು ತಪ್ಪಿಸಿಕೊಳ್ಳುತ್ತಿತ್ತು. "ಅದು ಕೊಡೇ... ಅದೇ, ನೀರು ಕುಡಿಯೋದು" ಎಂದು ಲೋಟ ತೋರಿಸುವರು. ಆ ಹೊತ್ತಿನಲ್ಲಿ ಕರಡಿನ ಕಟ್ಟು ಬಿಚ್ಚುತ್ತಿರಲಿಲ್ಲ. ನಾಲ್ಕು ಗಂಟೆಯಾದ ಮೇಲೆ ಮಾತ್ರ ಕೆಂಪು ಪೆನ್ನು ಹಿಡಿದರೆ ಒಂದು ಕೊಂಬೂ ಕಣ್ತಪ್ಪುತ್ತಿರಲಿಲ್ಲ. ಪ್ರೆಸ್ಸಿನವರು ಫೋನಿನಲ್ಲಿ ಅರ್ಜೆಂಟ್ ಎಂದರೆ, "ನಾಲ್ಕರ ಮೇಲೆ ಮಾಡಿ. ಆಗ ನನ್ನ ತಲೆ ಡ್ಯೂಟಿಗೆ ಬಂದಿರುತ್ತೆ" ಎನ್ನುವರು.

ಪ್ರಯತ್ನ ಪಡಲಿಲ್ಲವೆಂದಲ್ಲ. ಒಂದು ತಿಂಗಳು ಐದಕ್ಕೆ ಅಲಾರಾಂ ಇಟ್ಟು ಎದ್ದರು. ಮೂರನೆಯ ವಾರಕ್ಕೆ ಒದ್ದೆ ಟವೆಲ್ ಹಿಂಡಲು ಕೈಯಲ್ಲಿ ಬಲವಿರಲಿಲ್ಲ. ತಿದ್ದಿಕೊಟ್ಟ ಪುಟಗಳು ತಪ್ಪುಗಳಿವೆಯೆಂದು ಹಿಂದಕ್ಕೆ ಬಂದವು. ಕೊನೆಗೆ ಡಾಕ್ಟರೇ, ಎಷ್ಟು ಹೊತ್ತಿಗಾದರೂ ಏಳಿ, ಆದರೆ ದಿನಾ ಒಂದೇ ಹೊತ್ತಿಗೆ ಏಳಿ ಎಂದರಂತೆ. ಅಂದಿನಿಂದ ಹನ್ನೆರಡೂವರೆ ಎಂದರೆ ಹನ್ನೆರಡೂವರೆ, ಭಾನುವಾರವಿಲ್ಲ, ಹಬ್ಬವಿಲ್ಲ.

ಇದನ್ನು ಒಪ್ಪದಿದ್ದವರು ವಠಾರದ ಓನರ್ ರತ್ನಮ್ಮ. ಬೆಳಿಗ್ಗೆ ಆರಕ್ಕೆ ಬಾಗಿಲಿಗೆ ನೀರು ಬೀಳದ, ರಂಗೋಲಿ ಕಾಣದ ಮನೆ ತಮ್ಮ ಅಂಗಳದಲ್ಲಿರುವುದು ಅವರಿಗೆ ಮುಳ್ಳಾಗಿತ್ತು. "ರಿಪೋರ್ಟೆಲ್ಲಾ ನಾರ್ಮಲ್ ಅಂತೆ. ಮತ್ತೇನಿದು, ಸೋಮಾರಿತನ ಅಲ್ದೆ?" ಎಂದು ನಲ್ಲಿಯ ಬಳಿ ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದರು.

ಅದನ್ನು ಕೇಳಲಾರದೆ ನಾನೊಂದು ತಪ್ಪು ಮಾಡಿದೆ. ನನ್ನ ಬಾಗಿಲಿಗೆ ನೀರು ಹಾಕುವಾಗ ಗಿರಿಜಕ್ಕನ ಬಾಗಿಲಿಗೂ ಹಾಕಿ, ಐದು ಚುಕ್ಕಿಯ ಪುಟ್ಟ ರಂಗೋಲಿ ಬಿಟ್ಟೆ. ಅವರು ಏಳುವಷ್ಟರಲ್ಲಿ ಓಡಾಟದಲ್ಲಿ ಅದು ಅಳಿಸಿಹೋಗುತ್ತಿತ್ತು. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ದಿನ ಯಾರೂ ತುಳಿದಿರಲಿಲ್ಲ.

"ಸುಮಾ, ಬಾ ಇಲ್ಲಿ. ಇದ್ಯಾರು ಹಾಕಿದ್ದು?"

"ನಾನೇ ಗಿರಿಜಕ್ಕ. ಓನರ್ ಆಂಟಿ ಗೊಣಗ್ತಾರಲ್ಲ, ಅದಕ್ಕೆ..."

"ಅದಕ್ಕೇನಾ! ನಾಲ್ಕು ದಿನದಿಂದ ಆಕೆ ನನ್ನ ನೋಡಿ, 'ನೋಡಿದ್ರಾ, ಮನಸ್ಸು ಮಾಡಿದ್ರೆ ಆಗತ್ತೆ' ಅಂತಿದಾರೆ. ಯಾಕಪ್ಪಾ ಅಂತಿದ್ದೆ. ಆಗಲ್ಲ ಆಗಲ್ಲ ಅಂತ ಇಷ್ಟು ವರ್ಷ ನಾನು ಹೇಳಿದ್ದನ್ನ ನೀನು ಒಂದು ಹಿಡಿ ಪುಡೀಲಿ ಸುಳ್ಳು ಮಾಡಿಬಿಟ್ಯಲ್ಲೇ!"

ಅವರು ಒಂದು ಚೊಂಬು ನೀರು ತಂದು ನನ್ನ ರಂಗೋಲಿಯನ್ನು ತೊಳೆದುಹಾಕಿದರು. ಬಗ್ಗಲು ಆಗುತ್ತಿರಲಿಲ್ಲ, ಮಣೆ ಹಾಕಿಸಿಕೊಂಡು ಕೂತು, ಒಂದು ಗಂಟೆಯ ಉರಿಬಿಸಿಲಿನಲ್ಲಿ ತಾವೇ ಎಳೆ ಎಳೆದರು. ಗೆರೆ ನಡುಗಿತು. ರತ್ನಮ್ಮ ತಮ್ಮ ಮಹಡಿಯಿಂದ ಇಣುಕಿ, "ಇದೇನ್ರೀ ಈ ಹೊತ್ತಲ್ಲಿ?" ಎಂದರು.

"ಈಗ ಎದ್ದೆ, ಈಗ ಹಾಕ್ತಿದೀನಿ. ಆ ನಾಲ್ಕು ದಿನದ್ದು ನಂದಲ್ಲ, ಸುಮಂದು. ಲೆಕ್ಕಕ್ಕೆ ತಗೋಬೇಡಿ."

ಮುಂದಿನ ತಿಂಗಳೇ ರತ್ನಮ್ಮ ಬಂದು ನಿಂತರು. "ಮಗಳಿಗೆ ಗಂಡು ನೋಡ್ತಿದೀವಿ. ಬಂದವರು ಮುಚ್ಚಿದ ಬಾಗಿಲು ನೋಡಿದ್ರೆ ಏನಂದ್ಕೋತಾರೆ? ಆರಕ್ಕೆ ಬಾಗಿಲು ತೆಗೆಯೋದಾದ್ರೆ ಇರಿ. ಇಲ್ಲಾಂದ್ರೆ ಬೇರೆ ನೋಡ್ಕೊಳಿ."

"ನೋಡ್ಕೋತೀನಿ" ಎಂದರು ಗಿರಿಜಕ್ಕ. ಅಷ್ಟೆ.

ಸಂಜೆಗಳಲ್ಲಿ ಮನೆ ಹುಡುಕಲು ನಾನೂ ಜೊತೆಗೆ ಹೋದೆ. ಎಲ್ಲಿ ಹೋದರೂ ಬಾಡಿಗೆ ಕೇಳುವ ಮುಂಚೆ ಅವರು ಹೇಳುತ್ತಿದ್ದುದು ಒಂದೇ: "ನಾನು ಏಳೋದು ಹನ್ನೆರಡೂವರೆಗೆ. ಕಾಯಿಲೆ ಇದೆ. ಅಲ್ಲೀವರೆಗೂ ಬಾಗಿಲು ತಟ್ಟೋ ಹಾಗಿಲ್ಲ." ಎರಡು ಮನೆ ಕೈತಪ್ಪಿದವು. "ಮೊದ್ಲು ಮನೆ ಸಿಗ್ಲಿ ಗಿರಿಜಕ್ಕ, ಆಮೇಲೆ ಹೇಳಿದ್ರಾಯ್ತು" ಎಂದೆ.

"ಆಮೇಲೆ ಹೇಳಿದ್ರೆ ಕ್ಷಮಾಪಣೆ ಕೇಳಿದ ಹಾಗಿರುತ್ತೆ. ನಾನೇನು ತಪ್ಪು ಮಾಡಿದೀನೇ?"

ತ್ಯಾಗರಾಜನಗರದ ಮೂರನೆಯ ಮನೆಯಲ್ಲಿ ವಯಸ್ಸಾದ ಓನರ್ ಎಲ್ಲ ಕೇಳಿಸಿಕೊಂಡು, ಕನ್ನಡಕ ಒರೆಸಿ, "ಅದು ಸರಿ ಕಣಮ್ಮ. ನೀರು ಬಿಡೋದು ಬೆಳಿಗ್ಗೆ ಆರಕ್ಕೆ. ಹಿಡಿಯೋರು ಯಾರು?" ಎಂದರು.

"ಪೈಪ್ ಹಾಕಿ ಡ್ರಮ್ ಇಟ್ಟು ಮಲಗ್ತೀನಿ."

"ತುಂಬಿ ಹರಿದ್ರೆ?"

"ನೀವು ನಿಲ್ಲಿಸಿ. ಎದ್ದಿರ್ತೀರಲ್ಲ!"

ಮುದುಕರು ನಕ್ಕುಬಿಟ್ಟರು. ಮನೆ ಆಯಿತು.

ಹಾಲು ಉಕ್ಕಿಸಲು ಪುರೋಹಿತರು ಬ್ರಾಹ್ಮೀ ಮುಹೂರ್ತ ಹೇಳಿದರೆ, ಇವರು ಪಟ್ಟುಹಿಡಿದು ಗೋಧೂಳಿಗೆ ಇಡಿಸಿಕೊಂಡರು. ಸಾಮಾನು ಸಾಗಿಸಿದ ನೋವಿಗೆ ಅಂದು ಸಂಜೆ ಅವರಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಸ್ಟವ್ವನ್ನೇ ನೆಲಕ್ಕಿಳಿಸಿ, ಗೋಡೆಗೆ ಒರಗಿ ಕೂತರು. ಹೊಸ ನೆರೆಯವರೊಬ್ಬರು ನನ್ನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಪಾಪ, ಒಬ್ಬರೇ, ಇಂಥಾ ಕಾಯಿಲೆ ಬೇರೆ..." ಎಂದರು.

"ಪಾಪ ಗೀಪ ಆಮೇಲೆ ಅನ್ನಿ. ಮೊದ್ಲು ಈ ಕಡೆ ನೋಡಿ, ಹಾಲು ಉಕ್ತಿದೆ" ಎಂದರು ಗಿರಿಜಕ್ಕ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅಂದೇ, ಏಳು ತಿಂಗಳಾಯಿತು. ತ್ಯಾಗರಾಜನಗರವೇನು ದೂರವಲ್ಲ. ನನಗೆ ಬಿಡುವಾಗುವುದು ಬೆಳಿಗ್ಗೆ ಹತ್ತಕ್ಕೆ, ಅದು ಅವರಿಗೆ ನಡುರಾತ್ರಿ. ಅವರ ತಲೆ ಡ್ಯೂಟಿಗೆ ಬರುವ ಹೊತ್ತಿಗೆ ನನ್ನ ಮನೆಯಲ್ಲಿ ಕಾಫಿ, ತರಕಾರಿ, ರಾತ್ರಿಯ ಅಡುಗೆ. ನಿನ್ನೆ ನಮ್ಮ ಯಜಮಾನರಿಗೆ ಹೇಳಿದೆ, ಗುರುವಾರ ಸಂಜೆ ನಾನು ಮನೆಯಲ್ಲಿರುವುದಿಲ್ಲವೆಂದು.

"ಮತ್ತೆ ಅಡುಗೆ?" ಎಂದರು.

"ಅಕ್ಕಿ ಡಬ್ಬಿ ಎಲ್ಲಿದೆ ಅಂತ ತೋರಿಸ್ತೀನಿ ಬನ್ನಿ" ಎಂದೆ.